ಬಳಸಿ ಹಳೆಯದಾದ ಟೋಪಿ, ಕಾರ್ಖಾನೆಯಲ್ಲೇ ಹಳತು ಮಾಡಿದ ಟೋಪಿಗಿಂತ ಏಕೆ ಹೆಚ್ಚು ಹಿಡಿಸುತ್ತದೆ?

ಬಳಕೆಯಿಂದಾದ ಸವೆತಕ್ಕೆ ಪ್ರತಿಯೊಂದು ಜಾಗದಲ್ಲೂ ಒಂದು ಕಾರಣವಿರುತ್ತದೆ, ಕಾರ್ಖಾನೆಯ ಸವೆತಕ್ಕೆ ಅದಿರುವುದಿಲ್ಲ; ನಮ್ಮ ಕಣ್ಣು ಆ ವ್ಯತ್ಯಾಸವನ್ನು ಬಹುಬೇಗ ಗುರುತಿಸುತ್ತದೆ.

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ನಾಲ್ಕಾರು ವರ್ಷ ದುಡಿದವರ ಹತ್ತಿಬಟ್ಟೆಯ ಟೋಪಿಯೊಂದನ್ನು ಕೈಗೆತ್ತಿಕೊಂಡು ನೋಡಿ. ಬಿಸಿಲಿಗೆ ಒಡ್ಡಿಕೊಂಡ ನೆತ್ತಿಯ ಭಾಗ ಮಾಸಿದ್ದರೂ ಅಂಚಿನ ಕೆಳಮೈಯಲ್ಲಿ ಮತ್ತು ಹೊಲಿಗೆಯ ಮಡಿಕೆಯೊಳಗೆ ಮೊದಲಿನ ಬಣ್ಣ ಉಳಿದಿರುತ್ತದೆ. ಬೆವರು ಆರಿದಲ್ಲಿ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಟೋಪಿ ತೆಗೆಯುವಾಗ ಬೆರಳು ಹಿಡಿಯುವ ಬದಿಯಷ್ಟೇ ನುಣುಪಾಗಿರುತ್ತದೆ. ಕಾರ್ಖಾನೆಯಲ್ಲಾದರೆ ಹಗುರವಾದ ಪ್ಯೂಮಿಸ್ ಕಲ್ಲಿನೊಡನೆ ಅಥವಾ ಹತ್ತಿಯ ನಾರಿನ ಮೇಲ್ಪದರವನ್ನು ಕೊರೆಯುವ ಸೆಲ್ಯುಲೇಸ್ ಎಂಬ ಕಿಣ್ವದೊಡನೆ ನೂರಾರು ಟೋಪಿಗಳನ್ನು ಒಟ್ಟಿಗೆ ತೊಳೆಯುವುದರಿಂದ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಮಾಸುತ್ತವೆ.

ಆಕಾರದ ವಿಷಯ ಇನ್ನೂ ಮುಖ್ಯವೆಂದು ನನಗನ್ನಿಸುತ್ತದೆ. ಹತ್ತಿಯ ನಾರಿನೊಳಗಿನ ಹೈಡ್ರೋಜನ್ ಬಂಧಗಳು, ಅಂದರೆ ಅಣುಗಳನ್ನು ಪರಸ್ಪರ ಹಿಡಿದಿಡುವ ದುರ್ಬಲ ಕೊಂಡಿಗಳು, ಬೆವರಿನ ತೇವಕ್ಕೆ ಸಡಿಲಗೊಂಡು, ಒಣಗುವಾಗ ಬಟ್ಟೆ ಇದ್ದ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಹೀಗೆ ದಿನವೂ ತಲೆಯ ಮೇಲೆಯೇ ನೆನೆದು ಒಣಗುವ ಟೋಪಿ ಆ ಒಂದು ತಲೆಯ ಅಚ್ಚನ್ನೇ ಪಡೆಯುತ್ತದೆ. ಯಾವ ಯಂತ್ರಕ್ಕೂ ಆ ತಲೆ ಪರಿಚಯವಿರುವುದಿಲ್ಲ.

ಮೈಸೂರಿನ ಅಂಗಡಿಗಳಲ್ಲಿ ದೊರೆಯುವ ಹಳತು ಮಾಡಿದ ಟೋಪಿಗೆ, ಮೊದಲ ದಿನದಿಂದಲೇ ಮೆದುವಾಗಿರುವ ಅನುಕೂಲ ನಿಜಕ್ಕೂ ಇದೆ. ಆದರೆ ಅದರ ನಾರು ಆಗಲೇ ಸವೆದಿರುವುದರಿಂದ, ಮುಂದಿನ ಬಳಕೆಗೆ ಉಳಿದಿರುವ ಬಾಳಿಕೆ ಕಡಿಮೆ.