ಇಂಗ್ಲಿಷಿನ ‘ಡೋರಿ’ ದೋಣಿಯಾ, ಮೀನಾ? ನಮ್ಮ ‘ದೋಣಿ’ಯಿಂದಲೇ ಹೋದ ಪದವಾ?

ದೋಣಿಯೂ ಹೌದು, ಮೀನೂ ಹೌದು. ಆದರೆ ಅದು ಒಂದು ಪದ ಅಲ್ಲ, ಎರಡು. ಎಲ್ಲೆಲ್ಲಿಂದಲೋ ಬಂದು ಒಂದೇ ಥರ ಕೇಳಿಸುತ್ತಿವೆ, ಅಷ್ಟೆ.

ಮೀನಿನ ಹೆಸರು ಹಳೆಯದು. ಫ್ರೆಂಚಿನ ‘ದೊರೇ’ ಅಂದರೆ ಚಿನ್ನದ ಗಿಲೀಟು ಹಾಕಿದ್ದು. ಈ ಮೀನಿನ ಮೈಗೆ ಹಳದಿ ಮಿಂಚು ಇದೆ. ಪೂರ್ತಿ ಹೆಸರು ಜಾನ್ ಡೋರಿ. ತಟ್ಟೆಯಂಥ ಚಪ್ಪಟೆ ಮೈ, ಬೆನ್ನ ಮೇಲೆ ಉದ್ದ ಮುಳ್ಳು, ಪಕ್ಕೆಯಲ್ಲಿ ದೊಡ್ಡ ಕಪ್ಪು ಬೊಟ್ಟು. ಯೇಸುವಿನ ಮಾತಿನಂತೆ ಪೀಟರ್ ಮೀನಿನ ಬಾಯಿಂದ ನಾಣ್ಯ ತೆಗೆದ ಕತೆ ಬೈಬಲ್ಲಿನಲ್ಲಿದೆಯಲ್ಲ, ಆಗ ಅವನ ಹೆಬ್ಬೆರಳು ಒತ್ತಿದ ಗುರುತಂತೆ ಅದು. ತಮಾಷೆ ನೋಡಿ: ಆ ಕತೆ ನಡೆದದ್ದು ಗಲಿಲೀ ಎಂಬ ಸಿಹಿನೀರಿನ ಸರೋವರದ ದಡದಲ್ಲಿ. ಡೋರಿ ಸಮುದ್ರದ ಮೀನು!

ದೋಣಿಯ ಡೋರಿ ಬಂದದ್ದು ಮಧ್ಯ ಅಮೆರಿಕದಿಂದ. ನಿಕರಾಗುವಾ, ಹೊಂಡುರಾಸ್ ಕರಾವಳಿಯ ಮಿಸ್ಕಿಟೊ ಜನ ಒಂದೇ ಮರ ಕೊರೆದು ಮಾಡುತ್ತಿದ್ದ ದೋಣಿಯ ಹೆಸರದು. ಮುಂದೆ ಉತ್ತರ ಅಮೆರಿಕದಲ್ಲಿ ‘ಕಾಡ್’ ಎಂಬ ಸಮುದ್ರದ ಮೀನು ಹಿಡಿಯುವವರ ಹಲಗೆ ದೋಣಿಗೆ ಆ ಹೆಸರು ಅಂಟಿತು. ಚಪ್ಪಟೆ ತಳ, ಹೊರಕ್ಕೆ ಬಾಗಿದ ಬದಿ. ಕೂರುವ ಹಲಗೆ ಕಿತ್ತರೆ ಸ್ಟೀಲ್ ಲೋಟಗಳ ಹಾಗೆ ಒಂದರೊಳಗೊಂದು ಪೇರಿಸಬಹುದು. ಹಾಗೇ ದೊಡ್ಡ ಹಡಗಿನ ಡೆಕ್ ಮೇಲೆ ಹೇರಿಕೊಂಡು, ಕೆನಡಾ ಪಕ್ಕದ ಸಮುದ್ರದಲ್ಲಿ ಮೀನು ಹಿಡಿಯುವ ಜಾಗವಾದ ಗ್ರ್ಯಾಂಡ್ ಬ್ಯಾಂಕ್ಸ್‌ವರೆಗೆ ಹೋಗುತ್ತಿದ್ದರು. ಅಲ್ಲಿ ಒಂದೊಂದೇ ನೀರಿಗಿಳಿಸಿ, ಒಂದರಲ್ಲಿ ಒಬ್ಬರೋ ಇಬ್ಬರೋ ಗಾಳದ ಹಗ್ಗ ಬಿಡಲು ಹೊರಡುತ್ತಿದ್ದರು.

ನಮ್ಮ ದೋಣಿಗೆ ನಂಟರು ತಮಿಳಿನ ‘ತೋಣಿ’, ಸಂಸ್ಕೃತದ ‘ದ್ರೋಣಿ’. ದ್ರೋಣಿ ಅಂದರೆ ಮರದ ತೊಟ್ಟಿ ಅಂತಲೂ ಅರ್ಥ. ಅಲ್ಲೂ ಮರ ಕೊರೆದರು, ಇಲ್ಲೂ ಕೊರೆದರು, ಹೆಸರೂ ಹತ್ತಿರ ಕೇಳಿಸುತ್ತೆ. ನಡುವೆ ಸಂಬಂಧ ಇಲ್ಲ.

ಇಂಥ ಜೋಡಿ ನಮ್ಮ ಕರಾವಳಿಯಲ್ಲೂ ಇದೆ, ಗೊತ್ತಾ? ಪಾಂಪ್ಲೆಟ್ ಮೀನಿಗೆ ಮಂಗಳೂರು ಕಡೆ ‘ಮಾಂಜಿ’ ಅಂತೀವಿ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಒಯ್ಯುವ ಹಡಗು ‘ಮಂಜಿ’. ಒಂದು ದೀರ್ಘ ತಪ್ಪಿದರೆ ತಟ್ಟೆಗೆ ಹಡಗೇ ಬರುತ್ತೆ ಅಂತ ಅಮ್ಮ ನಗುತ್ತಿದ್ದರು.

ಹೋಟೆಲಿನ ಡೋರಿಯನ್ನು ಮಾತ್ರ ನಂಬಬೇಡಿ. ಸಿಂಗಾಪುರದಲ್ಲಿ ಖುಷಿಯಿಂದ ಒಂದು ಪ್ಲೇಟ್ ತರಿಸಿದ್ದೆ. ಬೆಳ್ಳಗೆ, ಮೆತ್ತಗೆ, ವಾಸನೆಯೇ ಇಲ್ಲ. ಆಮೇಲೆ ಕೇಳಿದರೆ ಅದು ಪಂಗಾಸಿಯಸ್, ನಮ್ಮಲ್ಲಿ ಬಾಸಾ ಅಂತ ಮಾರ್ತಾರಲ್ಲ, ವಿಯೆಟ್ನಾಂನಲ್ಲಿ ಹೊಂಡ ತೋಡಿ ಸಾಕುವ ಮೀನು.