ಬಸ್ಸು ರೆಸ್ಟ್ ತಗೊಂಡಿತ್ತಾ ಮೇಡಂ?

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನೂ ಅವನ ಅಪ್ಪ ಅಮ್ಮನೂ ಒಪ್ಪಿದ ಮೇಲೆ ಬರೆದದ್ದು.)

ಲೋಕೇಶನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಅಪ್ಪ ಮರಗೆಲಸ ಮಾಡುತ್ತಾರೆ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಏಳನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದ. ಎಂಟಕ್ಕೆ ತಾಲ್ಲೂಕು ಕೇಂದ್ರದ ಶಾಲೆಗೆ ಬಂದ, ಇಂಗ್ಲಿಷ್ ಮೀಡಿಯಂಗೆ.

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತಂದದ್ದು ಹೊಟ್ಟೆನೋವಿಗೆ. ಡಾಕ್ಟರಿಗೆ ಎರಡು ಸಲ ತೋರಿಸಿದ್ದರು, ಏನೂ ಇಲ್ಲ ಅಂದಿದ್ದರು. ಹೊಟ್ಟೆನೋವು ಬರುತ್ತಿದ್ದದ್ದು ಸೋಮವಾರ ಮತ್ತು ಗುರುವಾರ. ಅಮ್ಮನೇ ಒಂದು ದಿನ ಟೈಂಟೇಬಲ್ ನೋಡಿದರು. ಆ ಎರಡೂ ದಿನ ಮೊದಲನೇ ಪೀರಿಯಡ್ ಗಣಿತ.

ಗಣಿತದ ಮೇಷ್ಟ್ರ ದೂರು ಬೇರೆ. "ಹೋಂವರ್ಕ್ ಎಲ್ಲಾ ಗೈಡ್ ನೋಡಿ ಕಾಪಿ ಹೊಡೀತಾನೆ. ಪುಸ್ತಕ ನೋಡಿದ್ರೆ ಫಸ್ಟ್ ಕ್ಲಾಸು, ಟೆಸ್ಟಲ್ಲಿ 20ಕ್ಕೆ 4. ಸೋಮಾರಿ ಬಿಡಿ ಮೇಡಂ." ಅಪ್ಪನದು ಇನ್ನೊಂದು. "ಏಳನೇ ಕ್ಲಾಸಲ್ಲಿ ಲೆಕ್ಕದಲ್ಲಿ ಇವ್ನೇ ಮುಂದಿದ್ದ. ಈಗ ಮೊಬೈಲ್ ಹಿಡ್ಕಂಡು ಹಾಳಾದ."

ಮೊದಲ ಭೇಟಿಯಲ್ಲಿ ನಾನೂ ಎಡವಿದೆ. ಮೊಬೈಲಿಗೆ ಅರ್ಧ ಗಂಟೆ, ಓದಿಗೆ ಎರಡು ಗಂಟೆ ಅಂತ ವೇಳಾಪಟ್ಟಿ ಮಾಡಿಕೊಟ್ಟು ಕಳಿಸಿದೆ. ಎರಡು ವಾರ ಸುಮ್ನೆ ಹೋಯಿತು. ಅವನು ದಿನಾ ಎರಡು ಗಂಟೆ ಕೂತು, ಇನ್ನೂ ಅಂದವಾಗಿ ಗೈಡ್ ನೋಡಿ ಬರೆದ.

ಎರಡನೇ ಸಲ ಬಂದಾಗ ಗೈಡ್ ಬದಿಗಿಟ್ಟು, "ನನ್ನ ಮುಂದೆ ಒಂದೇ ಒಂದು ಲೆಕ್ಕ ಮಾಡು, ತಪ್ಪಾದ್ರೂ ಪರವಾಗಿಲ್ಲ" ಅಂದೆ. ವಿಜ್ಞಾನದ ಚಲನೆಯ ಪಾಠದ್ದು. ಒಂದು ಬಸ್ಸು 'ಸ್ಟಾರ್ಟ್ಸ್ ಫ್ರಮ್ ರೆಸ್ಟ್', ಆಕ್ಸಿಲರೇಶನ್ (ವೇಗ ಏರುವ ಪ್ರಮಾಣ) ಸೆಕೆಂಡಿಗೆ ಸೆಕೆಂಡಿಗೆ 0.5 ಮೀಟರ್, 1 ನಿಮಿಷದ ನಂತರ ಅದರ ವೇಗ ಎಷ್ಟು, ಎಷ್ಟು ದೂರ ಹೋಗಿರುತ್ತೆ? ಗಟ್ಟಿಯಾಗಿ ಓದಿದ. ಎಲ್ಲೂ ತಡವರಿಸಲಿಲ್ಲ. ಕೇಳಿದವರಿಗೆ ಎಲ್ಲಾ ಅರ್ಥವಾಗಿದೆ ಅನ್ನಿಸಬೇಕು, ಹಾಗೆ ಓದಿದ. ಆಮೇಲೆ ಪೆನ್ನಿನ ತುದಿ ಕಚ್ಚುತ್ತಾ ಕೂತ. ಐದು ನಿಮಿಷ ನಾನೂ ಮಾತಾಡಲಿಲ್ಲ.

"ಏನು ಸಿಕ್ಕಿಹಾಕ್ಕೊಂಡಿದೆ?"

"ಮೊದಲಿನ ವೇಗ ಎಷ್ಟು ಅಂತ ಕೊಟ್ಟೇ ಇಲ್ಲ ಮೇಡಂ. ಬಸ್ಸು ರೆಸ್ಟ್ ತಗೊಂಡಿತ್ತು ಅಂತ ಮಾತ್ರ ಐತೆ. ಎಷ್ಟೊತ್ತು ರೆಸ್ಟ್ ತಗೊಂತು ಅಂತಾನೂ ಇಲ್ಲ."

ನಗು ಬಂತು, ತಡೆದುಕೊಂಡೆ. ಅವನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ ಅಲ್ವಾ? ರೆಸ್ಟ್ ಅಂದರೆ ಅವನಿಗೆ ಗೊತ್ತಿರುವುದು ಡ್ರೈವರ್ ಟೀ ಕುಡಿಯಲು ನಿಲ್ಲಿಸುವ ರೆಸ್ಟು. "ನಿಂತಿದ್ದ ಬಸ್ಸು ಹೊರಟಿತು ಅಂತ ಅರ್ಥ ಕಣೋ" ಅಂದೆ. "ಓ... ಹಂಗಾದ್ರೆ ಸೊನ್ನೆ!" ಅಂದ. ಮುಂದಿನದಕ್ಕೆ ನನ್ನ ಅಗತ್ಯ ಬೀಳಲಿಲ್ಲ. ನಿಮಿಷವನ್ನು 60 ಸೆಕೆಂಡ್ ಮಾಡಿಕೊಂಡ, ವೇಗ ಸೆಕೆಂಡಿಗೆ 30 ಮೀಟರ್, ದೂರ 900 ಮೀಟರ್. ಮೇಲೆ ನೋಡಿ, "ಅಷ್ಟೇನಾ?" ಅಂದ. ಸ್ವಲ್ಪ ಸಿಟ್ಟೂ ಇತ್ತು ಆ ದನಿಯಲ್ಲಿ.

ನನಗೆ ನನ್ನ ಪಿಯುಸಿ ನೆನಪಾಯಿತು. ನಾನೂ ಕನ್ನಡ ಮೀಡಿಯಂನವಳು. ಘರ್ಷಣೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಕ್ಲಾಸಿನಲ್ಲಿ ಫ್ರಿಕ್ಷನ್ ಫ್ರಿಕ್ಷನ್ ಅಂತ ಒಂದು ವಾರ ಕೇಳಿದ ಮೇಲೆ, ಇವೆರಡೂ ಒಂದೇ ಅಂತ ತಿಳಿದದ್ದು.

ಗಣಿತದ್ದೂ ಒಂದು ಕೊಟ್ಟೆ. 'ಫೈವ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್ ಈಸ್ 21.' ಸಂಖ್ಯೆ ಯಾವುದು? ಅವನು ಬರೆದದ್ದು 5 − 2ಎಕ್ಸ್ = 21. ಉತ್ತರ −8. ಈ ಸಮೀಕರಣವನ್ನು ಬಿಡಿಸಿದ್ದರಲ್ಲಿ ಒಂದು ತಪ್ಪಿಲ್ಲ. ಸಮೀಕರಣವೇ ತಿರುಗುಮುರುಗು. ಮೊದಲು ಫೈವ್ ಕೇಳಿಸಿತು, ಮೊದಲು 5 ಬರೆದ. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಇಲ್ಲಿ ಹೀಗೇ ಜಾರುತ್ತಾರೆ.

ಹೊರಗೆ ಕೂತಿದ್ದ ಅಪ್ಪನನ್ನು ಒಳಗೆ ಕರೆದೆ. "ರಜೆಯಲ್ಲಿ ಇವನು ನಿಮ್ಮ ಜೊತೆ ಕೆಲಸಕ್ಕೆ ಬರ್ತಾನಾ?" ಬರುತ್ತಾನಂತೆ, ಅಳತೆ ಹಿಡಿಯುತ್ತಾನಂತೆ. "ಹಾಗಾದ್ರೆ ಒಂದು ಪಟ್ಟಿಯ ಅಳತೆ ಹೇಳಿ." ಅವರು ಮಗನ ಕಡೆ ತಿರುಗಿ, "ಎರಡಡಿಗೆ ಮೂರಿಂಚು ಕಮ್ಮಿ ಕುಯ್ಯಿ" ಅಂದರು. "ಇಪ್ಪತ್ತೊಂದು ಇಂಚು" ಅಂದ ಮಗ, ಪೆನ್ನು ಮುಟ್ಟದೆ. "ಮೂರರಲ್ಲಿ ಇಪ್ಪತ್ನಾಲ್ಕು ಯಾಕೆ ಕಳೀಲಿಲ್ಲ?" ಅಂದೆ. ಅಪ್ಪ ಮಗ ಇಬ್ಬರೂ ನನ್ನನ್ನು ಇವಳಿಗೆ ಏನಾಗಿದೆ ಅನ್ನುವ ಹಾಗೆ ನೋಡಿದರು.

ಆಮೇಲೆ ಅದೇ ಗಣಿತದ ಸಾಲನ್ನು ಕನ್ನಡದಲ್ಲಿ ಹೇಳು ಅಂದೆ. "ಒಂದು ಸಂಖ್ಯೆಯ ಎರಡರಷ್ಟಕ್ಕಿಂತ ಐದು ಕಮ್ಮಿ..." ಅರ್ಧಕ್ಕೇ ನಿಲ್ಲಿಸಿ 2ಎಕ್ಸ್ − 5 ಬರೆದ. ಉತ್ತರ 13. ನಮ್ಮ ಮಾತಿನಲ್ಲಿ ಯಾವುದರಿಂದ ಕಳೆಯಬೇಕೋ ಅದೇ ಮೊದಲು ಬರುತ್ತದೆ. ಬರೆಯಬೇಕಾದ ಸಾಲೂ ಅದೇ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಅಪ್ಪನಿಗೆ ಒಂದು ಕೆಲಸ ಹಚ್ಚಿದೆ. "ನಾನು ಓದಿರೋದೇ ಏಳನೇ ಕ್ಲಾಸು, ನಂಗೇನು ತಿಳೀತದೆ" ಅಂತ ಹಿಂಜರಿದರು. ತಿಳಿಯದೇ ಇರುವುದೇ ಇಲ್ಲಿ ಬೇಕಾದದ್ದು ಅಂದೆ. ರಾತ್ರಿ ಹೋಂವರ್ಕಿಗೆ ಕೂತಾಗ ಲೋಕೇಶ ಲೆಕ್ಕವನ್ನು ಓದಬೇಕು, ಪುಸ್ತಕ ಮುಚ್ಚಬೇಕು, ಅದನ್ನು ಅಪ್ಪನಿಗೆ ಕನ್ನಡದಲ್ಲಿ ಕಥೆಯ ಹಾಗೆ ಹೇಳಬೇಕು. ಅಪ್ಪ ಕೇಳಬೇಕಾದದ್ದು ಎರಡೇ: ಏನು ಕೊಟ್ಟವ್ರೆ? ಏನು ಕೇಳವ್ರೆ? ಅಪ್ಪನಿಗೆ ಅರ್ಥವಾಗುವ ತನಕ ಪೆನ್ನು ಎತ್ತುವ ಹಾಗಿಲ್ಲ. "ಇಷ್ಟೂ ಗೊತ್ತಾಗಲ್ವಾ" ಅನ್ನುವ ಮಾತು ಬೇಡ ಅಂತಲೂ ಹೇಳಿದೆ.

ಯಾವ ಪದದಲ್ಲಿ ಸಿಕ್ಕಿಕೊಂಡನೋ ಅದು ಒಂದು ಚಿಕ್ಕ ಪುಸ್ತಕಕ್ಕೆ ಹೋಗಬೇಕು, ಅವನದೇ ಮಾತಿನಲ್ಲಿ ಅರ್ಥದ ಜೊತೆ. ಡಿಕ್ಷನರಿ ಅರ್ಥ ಬೇಡ. 'ರೆಸ್ಪೆಕ್ಟಿವ್ಲಿ' ಅನ್ನುವುದಕ್ಕೆ ಅವನು ಬರೆದಿರುವುದು "ಹೇಳಿದ ಸಾಲಿನಲ್ಲೇ, ಇದಕ್ಕೆ ಇದು ಅದಕ್ಕೆ ಅದು". ಯಾವ ನಿಘಂಟಿನಲ್ಲೂ ಇಷ್ಟು ಚೆನ್ನಾಗಿ ಇರಲಿಕ್ಕಿಲ್ಲ. ಗೈಡ್ ಕಿತ್ತುಕೊಳ್ಳಲಿಲ್ಲ. 20 ನಿಮಿಷ ಒದ್ದಾಡಿಯೂ ಬರದಿದ್ದರೆ ನೋಡಬಹುದು. ನೋಡಿದ ಮೇಲೆ ಮುಚ್ಚಿಟ್ಟು ತಾನೇ ಇನ್ನೊಮ್ಮೆ ಮಾಡಬೇಕು. ಆಗಲೂ ಬರದಿದ್ದರೆ "ಇಲ್ಲಿ ನಿಂತೆ" ಅಂತ ಬರೆದು ಮಲಗಬೇಕು.

ಮೇಷ್ಟ್ರನ್ನು ಒಪ್ಪಿಸುವುದು ಕಷ್ಟವಾಯಿತು. "ಪರೀಕ್ಷೆ ಇಂಗ್ಲಿಷಲ್ಲೇ ತಾನೇ? ಅಲ್ಲಿ ಅಪ್ಪ ಬಂದು ಕೂತ್ಕೋತಾರಾ?" ನ್ಯಾಯವಾದ ಮಾತೇ. ಪರೀಕ್ಷೆಗೆ ಇನ್ನೂ ಸಮಯ ಇದೆ, ಈಗ ಅವನು ಲೆಕ್ಕದ ಬಾಗಿಲೊಳಕ್ಕೇ ಬರುತ್ತಿಲ್ಲ ಅಂದೆ. ಕೊನೆಗೆ "ಇಲ್ಲಿ ನಿಂತೆ" ಅಂತ ಬರೆದರೂ ಹೋಂವರ್ಕ್ ಮಾಡಿದ ಲೆಕ್ಕವೇ, ಬೈಯುವುದಿಲ್ಲ ಅಂತ ಒಪ್ಪಿದರು. ಹೊಟ್ಟೆನೋವಿಗೆ ಮದ್ದಾದದ್ದು ಬಹುಶಃ ಇದೇ. ಲೆಕ್ಕ ಬರಲು ಶುರುವಾಗುವ ಮೊದಲೇ ನೋವು ಕಮ್ಮಿಯಾಗಿತ್ತು.

ಮತ್ತೆ ಕನ್ನಡ ಮೀಡಿಯಂಗೆ ಹಾಕಿಬಿಡಲಾ ಅಂತ ಅಮ್ಮ ಕೇಳಿದರು. ಹಾಕಬಹುದು, ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲೇ ಬರೆಯಬಹುದು, ಅದರಲ್ಲಿ ಕಡಿಮೆ ಏನೂ ಇಲ್ಲ. ಆದರೆ ವರ್ಷದ ನಡುವೆ ಬೇಡ, ಅವನನ್ನೂ ಕೇಳಿ ಅಂದೆ. ಅವನು ಗೆಳೆಯರನ್ನು ಬಿಟ್ಟು ಹೋಗಲ್ಲ ಅಂದ. ಅಲ್ಲಿಗೆ ಬಿಟ್ಟೆವು.

ನಾಲ್ಕು ತಿಂಗಳಾಯಿತು. ಕಳೆದ ಟೆಸ್ಟಿನಲ್ಲಿ 20ಕ್ಕೆ 11. ರೇಖಾಗಣಿತದ ಪ್ರಮೇಯಗಳನ್ನು ಇನ್ನೂ ಉರು ಹೊಡೆಯುತ್ತಾನೆ, ಅಪ್ಪನಿಗೆ ಕಥೆ ಮಾಡಿ ಹೇಳಲು ಬರುವುದಿಲ್ಲವಂತೆ. ಅದಕ್ಕೆ ದಾರಿ ಹುಡುಕುತ್ತಿದ್ದೇವೆ. ಚಿಕ್ಕ ಪುಸ್ತಕದಲ್ಲಿ 43 ಪದಗಳಾಗಿವೆ. ಹೋದ ವಾರ ಅಪ್ಪ ಫೋನ್ ಮಾಡಿದ್ದರು. "ಮೈನಸ್ ಆಕ್ಸಿಲರೇಶನ್ ಅಂದ್ರೆ ಗಾಡಿ ಬ್ರೇಕ್ ಹಿಡಿಯೋದು ತಾನೇ ಮೇಡಂ? ಇವ್ನು ಹಂಗಂತಾನೆ." ಮುಂದಕ್ಕೆ ಹೋಗ್ತಿರೋ ಗಾಡಿಗೆ ಹೌದು ಅಂದೆ.

ಹಿಂದಿ ಹೋಂವರ್ಕನ್ನು ಮಾತ್ರ ಈಗಲೂ ಗೆಳೆಯನ ಪುಸ್ತಕ ನೋಡಿ ಬರೆಯುತ್ತಾನಂತೆ. ಸದ್ಯಕ್ಕೆ ಅದನ್ನು ಕೇಳಲು ಹೋಗಿಲ್ಲ.