ಅಮ್ಮನಿಗೆ ಸ್ಮಾರ್ಟ್ ವಾಚ್ ಕೊಡಿಸಿದರೆ ಹತ್ತಿರವಾಗುತ್ತೀವಾ?

ದೂರದಲ್ಲಿ ಒಬ್ಬರೇ ಇರುವ ಅಮ್ಮನಿಗೆ ಸ್ಮಾರ್ಟ್ ವಾಚ್ ಕೊಡಿಸೋಣ ಅಂತಿದ್ದೀರಿ. ಆದರೆ ಈ ವಾಚು, ಸೋಶಿಯಲ್ ಮೀಡಿಯಾ ಎಲ್ಲ ಸೇರಿ ನಮ್ಮನ್ನು ಹತ್ತಿರ ತರುತ್ತವಾ, ದೂರ ಮಾಡುತ್ತವಾ ಎಂದು ಕೇಳಿದ್ದೀರಿ. ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ಮೂರು ವರ್ಷದ ಹಿಂದೆ ನಾನು ಅಪ್ಪನಿಗೆ ಇದನ್ನೇ ಮಾಡಿದ್ದೆ.

ಅಪ್ಪ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಪೆಟ್ಟು ಜಾಸ್ತಿ ಆಗಿರಲಿಲ್ಲ. ಆದರೆ ವಿಷಯ ನನಗೆ ತಿಳಿದದ್ದು ಮಾರನೇ ದಿನ. ಆ ಭಯಕ್ಕೆ ವಾಚ್ ತಂದುಕೊಟ್ಟೆ. ಅದರ ಲೆಕ್ಕವೆಲ್ಲ ನನ್ನ ಫೋನಿನಲ್ಲೂ ಕಾಣುವ ಹಾಗೆ ಮಾಡಿಕೊಂಡೆ. ಬೆಳಿಗ್ಗೆ ಎದ್ದು ಆಪ್ ತೆರೆದರೆ ನಿನ್ನೆಯ ಹೆಜ್ಜೆ ಐದು ಸಾವಿರ, ನಿದ್ದೆ ಏಳು ಗಂಟೆ, ಎದೆಬಡಿತ ಸರಿ. ಅಪ್ಪ ಚೆನ್ನಾಗಿದ್ದಾರೆ ಅಂದುಕೊಂಡು ಕೆಲಸಕ್ಕೆ ಹೊರಡುತ್ತಿದ್ದೆ.

ಮೊದಲು ದಿನಾ ಫೋನ್ ಮಾಡುತ್ತಿದ್ದವನು ನಾನು. ಅದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ಜಗಳವಿಲ್ಲ, ಬೇಸರವಿಲ್ಲ. ಹೇಗಿದ್ದೀರಿ ಅಂತ ಕೇಳುವ ಮೊದಲೇ ಉತ್ತರ ಸಿಕ್ಕಿಬಿಡುತ್ತಿತ್ತು, ಅಷ್ಟೇ.

ಒಂದು ವಾರ ಅಪ್ಪನ ಹೆಜ್ಜೆ ಇದ್ದಕ್ಕಿದ್ದಂತೆ ಒಂಬತ್ತು ಸಾವಿರ, ಹತ್ತು ಸಾವಿರ ದಾಟಿತು. ನನಗೆ ಖುಷಿಯೋ ಖುಷಿ. ಚಪ್ಪಾಳೆಯ ಚಿತ್ರ ಕಳಿಸಿದೆ. ಅಪ್ಪ ಕೈಮುಗಿದ ಚಿತ್ರ ಕಳಿಸಿದರು. ಮುಂದಿನ ತಿಂಗಳು ಮನೆಗೆ ಹೋದಾಗ ನೋಡಿದೆ. ಅಪ್ಪ ಅಡುಗೆಮನೆಯ ಬಾಗಿಲಿಂದ ಮುಂಬಾಗಿಲಿಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ ನಡೆಯುತ್ತಲೇ ಇದ್ದರು. ಒಂದು ಕೈ ಗೋಡೆ ಸವರಿಕೊಂಡು ಬರುತ್ತಿತ್ತು. ಚಿಕ್ಕಂದಿನಿಂದ ಜೊತೆಗಿದ್ದ ಗೆಳೆಯ ತೀರಿಹೋಗಿದ್ದರು. ಅಪ್ಪನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ ಅಪ್ಪ?" ಅಂದೆ.

"ನೀನು ಚಪ್ಪಾಳೆ ಹೊಡೆದಿದ್ದೆ. ಆಮೇಲೆ ಹೇಗೆ ಹೇಳಲಿ?" ಅಂದರು.

ವಾಚಿನದು ತಪ್ಪೇನಿರಲಿಲ್ಲ. ಎಣಿಸಿದ ಹೆಜ್ಜೆ ಸರಿಯಾಗಿಯೇ ಇತ್ತು. ಅಪ್ಪನ ಬಗ್ಗೆ ಗೊತ್ತಾಗುವುದನ್ನೇ ಅಪ್ಪನ ಜೊತೆ ಮಾತಾಡಿದಂತೆ ಅಂದುಕೊಂಡವನು ನಾನು.

ಸೋಶಿಯಲ್ ಮೀಡಿಯಾದಲ್ಲೂ ಆಗುವುದು ಇದೇ. ಗೆಳತಿಯೊಬ್ಬಳು ಸಿಕ್ಕಾಗ "ಮಗಳು ಈಜು ಕಲಿತಳು ಗೊತ್ತಾ!" ಅಂತ ಎರಡೂ ಕೈ ಎತ್ತಿ ಶುರು ಮಾಡಿದಳು. "ಹೂಂ, ನೋಡಿದೆ, ಲೈಕ್ ಕೂಡ ಮಾಡಿದೆ" ಅಂದೆ. ಎತ್ತಿದ ಕೈ ಹಾಗೇ ಕೆಳಗಿಳಿಯಿತು. "ಓ, ನೋಡಿದ್ಯಾ" ಅಂದು ಬೇರೆ ಮಾತಿಗೆ ಹೋದಳು. ನಾನು ನೋಡಿದ್ದು ಇಪ್ಪತ್ತು ಸೆಕೆಂಡಿನ ವಿಡಿಯೋ. ಆ ಮಗು ನೀರಿಗೆ ಹೆದರಿ ಒಂದು ತಿಂಗಳು ಅಂಚಿನಲ್ಲೇ ಕೂತು ಅತ್ತಿತ್ತು ಅನ್ನುವುದು ಅದರಲ್ಲಿ ಇರಲಿಲ್ಲ. ಅದು ತಿಳಿದದ್ದು ಎಷ್ಟೋ ದಿನದ ಮೇಲೆ, ಬೇರೆಯವರಿಂದ. ಈಗ ನೋಡಿದ್ದರೂ "ನೋಡಿದೆ" ಅಂತ ಮಾತು ಮುಗಿಸುವುದಿಲ್ಲ. ಹೇಗೆ ಕಲಿತಳು, ಮೊದಲ ದಿನ ಏನಾಯ್ತು ಅಂತ ಕೇಳುತ್ತೇನೆ.

ಹಾಗಂತ ಎಲ್ಲ ಬಿಟ್ಟುಬಿಟ್ಟರೆ ಸರಿಹೋಗುತ್ತಾ? 2018ರಲ್ಲಿ ಅಮೆರಿಕದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಜನರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ನಿಲ್ಲಿಸುವಂತೆ ಮಾಡಿದರು. ನಿಲ್ಲಿಸಿದವರು ಮನೆಯವರು, ಗೆಳೆಯರ ಜೊತೆ ಮೊದಲಿಗಿಂತ ಜಾಸ್ತಿ ಹೊತ್ತು ಕಳೆದರು. ಮನಸ್ಸಿಗೂ ಸ್ವಲ್ಪ ಹಾಯೆನಿಸಿತು. ಜೊತೆಗೆ ಒಬ್ಬರೇ ಟಿವಿ ನೋಡುವುದೂ ಹೆಚ್ಚಾಯಿತು, ಸುದ್ದಿ ತಿಳಿಯುವುದು ಕಡಿಮೆಯಾಯಿತು. ಉಳಿದ ಹೊತ್ತೆಲ್ಲ ತಾನಾಗಿ ಜನರ ಕಡೆಗೆ ಹರಿದು ಹೋಗಲಿಲ್ಲ ನೋಡಿ. ನನಗೆ ಇದು ನಿಜಕ್ಕೆ ಹತ್ತಿರ ಅನ್ನಿಸುತ್ತದೆ.

ವಾಚಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮಾತಿನ ಮಧ್ಯೆ ಕೈಗಡಿಯಾರ ನೋಡಿದರೆ ಹೊರಡುವ ಹೊತ್ತಾಯ್ತು ಅಂತ ಅರ್ಥ, ಅದು ಮೊದಲಿಂದಲೂ ಹಾಗೇ. ಈಗ ವಾಚ್ ಗುಂಯ್ ಅಂತ ಕಂಪಿಸಿದಾಗಲೆಲ್ಲ ಕಣ್ಣು ಮಣಿಕಟ್ಟಿಗೆ ಹೋಗುತ್ತದೆ. ನಾವು ನೋಡಿದ್ದು ಯಾವುದೋ ಜಾಹೀರಾತಿನ ಮೆಸೇಜ್ ಇರಬಹುದು. ಎದುರಿಗಿದ್ದವರಿಗೆ ಅದು ಗೊತ್ತಿಲ್ಲವಲ್ಲ. ಅವರು ಹೇಳಬೇಕಾದ್ದನ್ನು ಅರ್ಧಕ್ಕೇ ಮೊಟಕು ಮಾಡಿಬಿಡುತ್ತಾರೆ. ನೋಡದೇ ಇದ್ದರೂ ಪೂರ್ತಿ ತಪ್ಪಿಸಿಕೊಂಡಂತಲ್ಲ. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರ 2015ರ ಅಧ್ಯಯನದಲ್ಲಿ, ಫೋನ್ ಮುಟ್ಟದಿದ್ದರೂ ನೋಟಿಫಿಕೇಶನ್ ಬಂದದ್ದು ಗೊತ್ತಾದರೇ ಸಾಕು, ಕೈಯಲ್ಲಿದ್ದ ಕೆಲಸದಿಂದ ಗಮನ ಕದಲುತ್ತಿತ್ತು. ವಾಚ್ ಚರ್ಮಕ್ಕೇ ಅಂಟಿಕೊಂಡಿರುತ್ತದೆ. ನಾನು ಈಗ ಕರೆಗಳನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿದ್ದೇನೆ. ಕಿವಿ ಕೇಳದವರಿಗೆ ಇದೇ ಗುಂಯ್ ಎಷ್ಟು ಉಪಕಾರ ಅನ್ನುವುದನ್ನೂ ಕಂಡಿದ್ದೇನೆ, ಹಾಗಾಗಿ ಅದನ್ನು ಸುಮ್ನೆ ಬೈಯಲಾರೆ.

ಅಮ್ಮನಿಗೆ ವಾಚ್ ಕೊಡಿಸಿ. ಬಿದ್ದರೆ ಗುರುತಿಸುವ ಸೌಲಭ್ಯ ಇರುವುದನ್ನೇ ತನ್ನಿ. ಆಪಲ್ ವಾಚ್‌ಗೆ ಇದು 2018ರಲ್ಲಿ ಬಂತು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದೇ ತುರ್ತು ಸೇವೆಗೆ ಕರೆ ಮಾಡುತ್ತದೆ, ನಾವು ಸೇರಿಸಿಟ್ಟ ನಂಬರಿಗೆ ಮೆಸೇಜ್ ಹಾಕುತ್ತದೆ. ಆ ಸೆಟ್ಟಿಂಗ್ ಆನ್ ಆಗಿದೆಯಾ ಅಂತ ನೀವೇ ನೋಡಿ, ನಿಮ್ಮ ನಂಬರ್ ಸೇರಿಸಿ. ಸ್ನಾನಕ್ಕೆ ಹೋಗುವಾಗ ಬಿಚ್ಚಿಡುವವರೇ ಜಾಸ್ತಿ, ಜಾರುವುದೂ ಅಲ್ಲೇ. ನೀರು ತಾಳುವಂಥದ್ದನ್ನು ತಂದು, ಅಲ್ಲೂ ಕಟ್ಟಿಕೊಂಡಿರಿ ಅಂತ ಹೇಳಿ. ಚಾರ್ಜಿಗೆ ಬೇರೆ ಹೊತ್ತು ಗೊತ್ತುಮಾಡಿ.

ಹೆಜ್ಜೆ, ನಿದ್ದೆಯ ಲೆಕ್ಕ ನಿಮಗೂ ಕಾಣುವ ಹಾಗೆ ಮಾಡುವ ಮೊದಲು ಅಮ್ಮನನ್ನು ಕೇಳಿ. ನಾನು ಕೇಳಿರಲಿಲ್ಲ. ಅವರು ಒಪ್ಪಿದರೆ ನಿಮ್ಮ ಲೆಕ್ಕವೂ ಅವರಿಗೆ ಕಾಣುವ ಹಾಗೆ ಮಾಡಿ.

ನಾನು ಈಗ ಹಾಗೆ ಮಾಡಿದ್ದೇನೆ. ಕಳೆದ ವಾರ ಎರಡು ರಾತ್ರಿ ನನಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಅಪ್ಪನ ಫೋನಿನಲ್ಲಿ ನಾಲ್ಕು ಗಂಟೆ ಅಂತ ತೋರಿಸಿರಬೇಕು. ಅವರು ಮೆಸೇಜ್ ಹಾಕಲಿಲ್ಲ, ಯಾವ ಚಿತ್ರವನ್ನೂ ಕಳಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ, "ಯಾಕೆ ಮಗಾ, ಏನಾಯ್ತು?" ಅಂದರು.